ಹುರುಳಿಯ ಪ್ರೋಟೀನ್ ಹರಳುಗಟ್ಟುತ್ತಿಲ್ಲ: ಕಂಪ್ಯೂಟರ್ ಆಕೃತಿ ಬಿಡಿಸಿಕೊಟ್ಟ ಮೇಲೂ ಕಾಯಬೇಕೇ?

ಕಾಳುಹನಿ · ಭಾನುವಾರ ರಾತ್ರಿ 9:40
ನಮಸ್ಕಾರ. ಊರು ಜಮಖಂಡಿ ಕಡೆ, ಓದುತ್ತಿರುವುದು ವಿಜಯಪುರದಲ್ಲಿ, ಎಂಎಸ್ಸಿ ಜೀವರಸಾಯನದ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಹುರುಳಿಯನ್ನು ಹಿಡಿದು ಕೂತಿದ್ದೇನೆ. ಆ ಕಾಳಿನೊಳಗೆ ಒಂದು ಪುಟ್ಟ ಪ್ರೋಟೀನ್ ಇದೆ. ಹುಳು ಕಾಳನ್ನು ತಿಂದರೆ ಅದರ ಹೊಟ್ಟೆಯಲ್ಲಿರುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಇದು ಅಡ್ಡ ಕೂತು, ತಿಂದದ್ದು ಅರಗದಂತೆ ಮಾಡುತ್ತದೆ. ಬೌಮನ್-ಬರ್ಕ್ ಪ್ರತಿಬಂಧಕ ಎಂಬ ಕುಲಕ್ಕೆ ಸೇರಿದ್ದು. ಅದರ ಮೂರು ಆಯಾಮದ ರಚನೆಯನ್ನು ಪತ್ತೆ ಮಾಡುವುದು ನನ್ನ ಕೆಲಸ.

ಅದಕ್ಕೆ ಮೊದಲು ಪ್ರೋಟೀನ್ ಹರಳುಗಟ್ಟಬೇಕು; ಹರಳಿಗೆ ಕ್ಷ-ಕಿರಣ ಬಿಟ್ಟು, ಮೂಡುವ ಚುಕ್ಕಿಗಳಿಂದ ರಚನೆಯನ್ನು ಲೆಕ್ಕ ಹಾಕುತ್ತಾರೆ. ಒಂದು ತಟ್ಟೆಗೆ 24 ಗುಣಿ. ಪ್ರತಿ ಗುಣಿಯಲ್ಲಿ ಲವಣದ ದ್ರಾವಣ, ಮೇಲೆ ಗಾಜಿನ ಬಿಲ್ಲೆ, ಬಿಲ್ಲೆಯ ಅಡಿಯಲ್ಲಿ ತೂಗುವ ಸಾಸಿವೆ ಕಾಳಿನಷ್ಟು ಹನಿ. ಹನಿಯ ನೀರು ನಿಧಾನವಾಗಿ ಆರುತ್ತಾ ಬಂದು ಪ್ರೋಟೀನ್ ಸಾಲಾಗಿ ಕೂತರೆ ಹರಳು. ನಾಲ್ಕು ತಿಂಗಳಲ್ಲಿ ಒಂಬತ್ತು ತಟ್ಟೆ ಮುಗಿದಿವೆ. ಅರ್ಧ ಹನಿಗಳು ತಿಳಿಯಾಗಿಯೇ ಉಳಿದವು, ಉಳಿದರ್ಧ ಒಡೆದ ಹಾಲಿನಂತಾದವು. ಒಂದೇ ಒಂದು ಹನಿಯಲ್ಲಿ ಸಕ್ಕರೆಯಂಥ ನಾಲ್ಕು ಹರಳು ಕಂಡಾಗ ವಿಭಾಗದಲ್ಲಿ ಪೇಡೆ ಹಂಚಿದೆ.

ಹೋದ ವಾರ ಗೆಳತಿಯೊಬ್ಬಳು ಅದೇ ಪ್ರೋಟೀನ್‌ನ ಅಮೈನೊ ಆಮ್ಲಗಳ ಸಾಲನ್ನು ಆಲ್ಫಾಫೋಲ್ಡ್‌ಗೆ, ಅಂದರೆ ಪ್ರೋಟೀನ್ ಆಕೃತಿಯನ್ನು ಊಹಿಸುವ ಕಂಪ್ಯೂಟರ್ ತಂತ್ರಾಂಶಕ್ಕೆ, ಕೊಟ್ಟಳು. ಚಹಾ ಕುಡಿದು ಬರುವಷ್ಟರಲ್ಲಿ ಆಕೃತಿ ತೆರೆಯ ಮೇಲೆ! ಈ ಸುದ್ದಿಯನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹಾಗಾದರೆ ನೀನು ನಾಲ್ಕು ತಿಂಗಳಿನಿಂದ ಏನು ಮಾಡುತ್ತಿದ್ದೆ?" ಎಂದರು. ಉತ್ತರ ಹೊಳೆಯಲಿಲ್ಲ. ನಿಮಗೆ ಹೊಳೆದರೆ ಹೇಳಿ.

ಮಾದರಿಗಾರ · 9:52
ಉತ್ತರ ಸುಲಭ: ಸಮಯ ಹಾಳು ಮಾಡುತ್ತಿದ್ದಿರಿ. 2024ರ ರಸಾಯನಶಾಸ್ತ್ರದ ನೊಬೆಲ್ ಯಾರಿಗೆ ಬಂತು? ಕಂಪ್ಯೂಟರ್‌ನಲ್ಲಿ ಹೊಸ ಪ್ರೋಟೀನ್ ವಿನ್ಯಾಸ ಮಾಡಿದ ಡೇವಿಡ್ ಬೇಕರ್, ಆಲ್ಫಾಫೋಲ್ಡ್ ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್. ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕೃತಿ ಉಚಿತವಾಗಿ ಸಿಗುತ್ತಿದೆ. ಹನಿ ತೂಗುಹಾಕಿ ಕಾಯುವುದು ಬೀಸುವ ಕಲ್ಲಿನ ಕಾಲದ ಕೆಲಸ.

ಅಡುಗೆಮನೆಯಿಂದ · 9:58
ಬೀಸುವ ಕಲ್ಲನ್ನು ಹಗುರವಾಗಿ ನೋಡಬೇಡಿ. ನಮ್ಮ ಮನೆಯಲ್ಲಿ ಇನ್ನೂ ತಿರುಗುತ್ತಿದೆ.

ಹಳೆಯಮೇಷ್ಟ್ರು · 10:15
ಮಾದರಿಗಾರರೇ, ಆ ಕಂಪ್ಯೂಟರ್ ಅಕ್ಷರ ತಿದ್ದಿದ್ದು ಯಾರ ಪಾಟಿಯ ಮೇಲೆ? 1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾದಾಗಿನಿಂದ ಇಂಥದೇ ಹುಡುಗ ಹುಡುಗಿಯರು ಹನಿ ತೂಗುಹಾಕಿ, ಹರಳು ಬೆಳೆಸಿ, ಒಂದೊಂದಾಗಿ ಜಮಾ ಮಾಡಿದ ರಚನೆಗಳ ಮೇಲೆ. ಆ ಗಂಟನ್ನು ಓದಿಯೇ ಅದು ಜಾಣನಾಯಿತು.

ನಮ್ಮ ಕಡೆಯ ಕಾಳುಗಳಿಗೂ ಅಲ್ಲಿ ಪಾಲಿದೆ. ಶೇಂಗಾದಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ, ಸಕ್ಕರೆಯ ಅಣುಗಳನ್ನು ಹಿಡಿಯುವಂಥದ್ದು. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿತು; ಪ್ರಕಟವಾದದ್ದು 1994ರಲ್ಲಿ. ನಾಲ್ಕು ತುಂಡು ಸೇರಿ ಆಗುವ ಪ್ರೋಟೀನ್ ಸಾಮಾನ್ಯವಾಗಿ ಅಚ್ಚುಕಟ್ಟಾದ ಸಮಮಿತಿಯಲ್ಲಿ ಕೂರುತ್ತದೆ. ಶೇಂಗಾದ್ದು ಹಾಗೆ ಕೂರದೆ ಒಂದು ಬದಿ ತೆರೆದುಕೊಂಡೇ ಇತ್ತು. ಯಾರೂ ಹೀಗೆ ಊಹಿಸಿರಲಿಲ್ಲ. ಊಹಿಸಿದ್ದನ್ನೇ ತೋರಿಸುವುದಾದರೆ ಹರಳು ಯಾಕೆ ಬೇಕಿತ್ತು? ಈ ವಿಜಯನ್ ಅವರು ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಜೊತೆ ಇನ್ಸುಲಿನ್ ರಚನೆಯ ಮೇಲೂ ದುಡಿದವರು. ಹಾಡ್ಜ್‌ಕಿನ್ ಇನ್ಸುಲಿನ್‌ನ ಮೊದಲ ಕ್ಷ-ಕಿರಣ ಚಿತ್ರ ತೆಗೆದದ್ದು 1935ರಲ್ಲಿ, ರಚನೆ ಸಿಕ್ಕಿದ್ದು 1969ರಲ್ಲಿ. ನಡುವೆ 34 ವರ್ಷ. ನಿಮ್ಮದು ನಾಲ್ಕು ತಿಂಗಳು, ತಾಯಿ.

ಖಾನಾಪುರ_ಹಲಸು · 10:21
ಹಲಸಿನ ಬೀಜವನ್ನು ಬಿಟ್ಟುಬಿಟ್ಟಿರಲ್ಲ ಮೇಷ್ಟ್ರೇ! ಅದರ ಲೆಕ್ಟಿನ್, ಜಾಕಲಿನ್! ಅದೂ ವಿಜಯನ್ ಅವರದೇ ತಂಡ, 1996. ನಮ್ಮ ಹಿತ್ತಿಲಿನಲ್ಲಿ ಹಂದಿ ಕೂಡ ಮೂಸದೆ ಬಿದ್ದಿರುವ ಬೀಜದೊಳಗೆ ಮೂರು ಮುಖದ ಪಟ್ಟಕದಂಥ ಆಕೃತಿ ಇದೆಯೆಂದು ತಿಳಿದಾಗ ಒಂದು ಬೀಜವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದೇನೆ. ಆಮೇಲೆ ಸುಟ್ಟು ತಿಂದೆ.

ನೇರಮಾತು · 10:30
ಎಲ್ಲ ಚೆನ್ನಾಗಿದೆ. ಇದರಿಂದ ರೈತನಿಗೆ ಏನು ಸಿಕ್ಕಿತು? ತೊಗರಿಗೆ ಕೀಡೆ ಬಿದ್ದಾಗ ನಿಮ್ಮ ಪಟ್ಟಕವನ್ನು ಸಿಂಪಡಿಸಲು ಬರುತ್ತದೆಯೇ?

ತೊಗರಿಸಾಲು · 10:47
ನಾನು ರೈತನೇ, ಮುದ್ದೇಬಿಹಾಳ ಕಡೆ. ನನ್ನ ಪರವಾಗಿ ಬೇರೆಯವರು ಸಿಟ್ಟಾಗುವುದು ಬೇಡ, ನಾನೇ ಆಗುತ್ತೇನೆ.

ತೊಗರಿ ಹೂವು ಕಾಯಿಗೆ ತಿರುಗುವ ಹೊತ್ತಿನಲ್ಲಿ ಮೋಡ ಮುಚ್ಚಿದರೆ ನಮಗೆ ನಿದ್ದೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಔಷಧ ಹೊಡೆದು ಹೊಡೆದು ಸಾಕಾಗಿ, ಕೊನೆಗೆ ಹಳೆಯ ಪದ್ಧತಿಗೇ ಹೋದೆವು: ಸಾಲಿನ ನಡುವೆ ತಾಡಪಾಲು ಹಾಸುವುದು, ಗಿಡ ಬಗ್ಗಿಸಿ ಜಾಡಿಸುವುದು. ಕೀಡೆಗಳು ಮಳೆ ಹನಿ ಬಿದ್ದಂತೆ ಟಪಟಪ ಉದುರುತ್ತಿದ್ದವು. ಹಸಿರು, ಕಂದು, ಕೆಲವು ಗುಲಾಬಿ. ಒಂದನ್ನು ಎತ್ತಿ ನೋಡಿದರೆ ತಲೆಯನ್ನು ಕಾಯಿಯೊಳಗೆ ತೂರಿಸಿ ಮೈಯನ್ನೆಲ್ಲ ಹೊರಗೆ ಬಿಟ್ಟುಕೊಂಡು ಉಣ್ಣುತ್ತಿತ್ತು. ಬೀಗರ ಮನೆಯ ಊಟದಲ್ಲೂ ಯಾರೂ ಅಷ್ಟು ನಿರಾಳವಾಗಿ ಉಣ್ಣುವುದಿಲ್ಲ. ಅದರ ಹೊಟ್ಟೆ ಕೆಡಿಸುವ ವಿದ್ಯೆ ಗಿಡಕ್ಕೇ ಗೊತ್ತಿದ್ದರೆ ಅದನ್ನು ಬಿಡಿಸಿ ನೋಡಲಿ, ನನ್ನ ಆಕ್ಷೇಪವಿಲ್ಲ.

ಆದರೆ ಹುಡುಗಿಗೆ ಒಂದು ಪ್ರಶ್ನೆ. ಹುರುಳಿಯಲ್ಲಿ ಅಂಥ ಕಾವಲುಗಾರ ಇದ್ದರೆ ನಮ್ಮ ಮನೆಯ ಡಬ್ಬಿಯಲ್ಲಿರುವ ಹುರುಳಿಗೆ ನುಸಿ ಯಾಕೆ ಬೀಳುತ್ತದೆ? ಕಾಳು ಕಾಳಿಗೂ ತೂತು. ಕಾವಲುಗಾರ ಮಲಗಿದ್ದನೇ?

ನೇರಮಾತು · 10:49
ಅದೇ ನನ್ನ ಮಾತು.

ತೊಗರಿಸಾಲು · 10:50
ನಿಮ್ಮ ಮಾತಲ್ಲ ಅದು, ನನ್ನ ಡಬ್ಬಿ.

ಕ್ಷಕಿರಣ · 11:20
ಊರು ಬಾಗಲಕೋಟೆ, ಈಗ ಹೊರಗಿದ್ದೇನೆ, ಇದೇ ಕಸುಬು. ತೊಗರಿಸಾಲು ಅವರ ಪ್ರಶ್ನೆ ಈ ಪುಟದಲ್ಲಿ ಈವರೆಗೆ ಬಂದ ಅತ್ಯುತ್ತಮ ಪ್ರಶ್ನೆ.

ಪ್ರೋಟೀನ್ ಅರಗಿಸುವ ಕಿಣ್ವಗಳೆಲ್ಲ ಕತ್ತರಿಗಳು, ಆದರೆ ಒಂದೇ ಬಗೆಯವಲ್ಲ. ನಿಮ್ಮ ತೊಗರಿಯ ಕೀಡೆ, ಅಂದರೆ ಕಾಯಿಕೊರಕದ ಹೊಟ್ಟೆಯಲ್ಲಿ ಮುಖ್ಯವಾಗಿ ಟ್ರಿಪ್ಸಿನ್ ಜಾತಿಯ ಕತ್ತರಿ. ನುಸಿಯದು ಬೇರೆ, ಸಿಸ್ಟೀನ್ ಜಾತಿಯದು. ಹುರುಳಿಯ ಈ ಪ್ರತಿಬಂಧಕ ಟ್ರಿಪ್ಸಿನ್‌ನ ಬೀಗಕ್ಕೆಂದು ಮಾಡಿದ ಕೀಲಿ. ನುಸಿಯ ಬೀಗದೊಳಗೆ ಹೋಗುವುದೇ ಇಲ್ಲ. ಕಾವಲುಗಾರ ಮಲಗಿರಲಿಲ್ಲ, ಕಳ್ಳ ಬೇರೆ ಬಾಗಿಲಿನಿಂದ ಬಂದ.

ಕೀಲಿ ಎಂದೆ, ಸರಿಯಾಗಿ ಹೇಳಬೇಕೆಂದರೆ ಬೀಗದೊಳಗೆ ಹಾಕಿ ಮುರಿದ ಕೀಲಿ. ಪ್ರತಿಬಂಧಕದ ಮೈಯಿಂದ ಒಂದು ಕುಣಿಕೆ ಹೊರಚಾಚಿರುತ್ತದೆ. ಅದರ ತುದಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ, ಟ್ರಿಪ್ಸಿನ್‌ಗೆ ಪ್ರಿಯವಾದ ತುತ್ತು. ಕತ್ತರಿ ಆಸೆಯಿಂದ ಬಾಯಿ ಹಾಕುತ್ತದೆ. ಕುಣಿಕೆ ಬಿಗಿಯಾಗಿರುವುದರಿಂದ ಕತ್ತರಿಸಿ ಉಗುಳಲಾರದು, ಬಿಡಲೂ ಆರದು. ಈ ಕುಲದ ಪ್ರೋಟೀನ್‌ಗೆ ಇಂಥ ಎರಡು ಕುಣಿಕೆ ಇವೆ. ಒಂದು ಟ್ರಿಪ್ಸಿನ್‌ಗೆ, ಎದುರು ಬದಿಯ ಇನ್ನೊಂದು ಕೈಮೋಟ್ರಿಪ್ಸಿನ್ ಎಂಬ ಬೇರೆ ಕತ್ತರಿಗೆ. ನಮ್ಮ ಗಂಡಭೇರುಂಡವೇ. ಎಂಟು ಕಿಲೊಡಾಲ್ಟನ್ (ಅಣುವಿನ ತೂಕದ ಅಳತೆ) ಆಸುಪಾಸಿನ ಇಷ್ಟು ಪುಟ್ಟ ಮೈಯನ್ನು ಗಂಧಕದ ಏಳು ಬಂಧಗಳು ಕೌದಿಯಂತೆ ಹೊಲಿದಿಟ್ಟಿವೆ. ಬಿಸಿಗೆ ಸುಲಭವಾಗಿ ಬಿಚ್ಚಿಕೊಳ್ಳದಿರುವುದು ಅದಕ್ಕೇ.

ಇನ್ನು ಕಾಳುಹನಿ, ನಿಮಗೆ ಮೂರು ಪ್ರಶ್ನೆ. ಕಂಪ್ಯೂಟರ್ ಕೊಟ್ಟ ಆಕೃತಿಯಲ್ಲಿ ಬಾಲದ, ಅಂದರೆ ಅಮೈನೊ ಆಮ್ಲಗಳ ಸರಪಳಿಯ ಕೊನೆಯ, ತುದಿ ಯಾವ ಬಣ್ಣದಲ್ಲಿದೆ? ಆ ಸಕ್ಕರೆಯಂಥ ಹರಳನ್ನು ಸೂಜಿಯಿಂದ ಒತ್ತಿ ನೋಡಿದ್ದೀರಾ? ಪ್ರೋಟೀನ್ ತೆಗೆದದ್ದು ಒಣಕಾಳಿನಿಂದಲೋ, ನೆನೆದ ಕಾಳಿನಿಂದಲೋ?

ಅಡುಗೆಮನೆಯಿಂದ · 11:31
ಬಿಸಿಗೆ ಬಿಚ್ಚಿಕೊಳ್ಳುವುದಿಲ್ಲ ಎಂದಿರಿ. ನಮ್ಮ ಮಾವ ಎತ್ತುಗಳಿಗೆ ಹುರುಳಿಯನ್ನು ಬೇಯಿಸಿಯೇ ಹಾಕುತ್ತಿದ್ದರು, ಹಸಿಯದನ್ನು ಹಾಕಿದರೆ ಬೈಯುತ್ತಿದ್ದರು. ಬೇಯಿಸಿ ಉಪಯೋಗವೇನು ಹಾಗಾದರೆ?

ಕ್ಷಕಿರಣ · 11:36
ಸುಲಭವಾಗಿ ಎಂದೆ, ಎಂದಿಗೂ ಎನ್ನಲಿಲ್ಲ. ಒದ್ದೆ ಬಿಸಿಯಲ್ಲಿ ಹೆಚ್ಚು ಹೊತ್ತು ಬೆಂದರೆ ಬಹುಪಾಲು ಸೋಲುತ್ತದೆ. ಮಾವನವರು ಹೇಳಿದ್ದು ಸರಿ.

ಬಾಟಲಿ_ಎ1 · ಸೋಮವಾರ ಬೆಳಿಗ್ಗೆ 7:05
ಬೆಳಗಾವಿಯ ರಕ್ತನಿಧಿಯೊಂದರಲ್ಲಿ ತಂತ್ರಜ್ಞೆ. ಹುರುಳಿ ಎಂದ ಕೂಡಲೇ ಬಂದೆ. ನಮ್ಮ ಫ್ರಿಜ್ಜಿನಲ್ಲಿ ಎ1 ಲೆಕ್ಟಿನ್ ಎಂಬ ಪುಟ್ಟ ಬಾಟಲಿ ಇರುತ್ತದೆ. ಎ ಗುಂಪಿನ ರಕ್ತದಲ್ಲಿ ಎ1, ಎ2 ಎಂಬ ಒಳಭೇದಗಳಿವೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ ತೂಗಿದರೆ ಎ1 ಕಣಗಳು ಕೆಂಪು ರವೆಯಂತೆ ಗಂಟುಗಟ್ಟುತ್ತವೆ, ಎ2 ನುಣ್ಣಗೆ ಹಾಗೆಯೇ ಇರುತ್ತದೆ. ಆ ಬಾಟಲಿಯಲ್ಲಿರುವುದು ಹುರುಳಿ ಕಾಳಿನ ಸಾರ! ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಿಮ್ಮದು ಇದೇ ಪ್ರೋಟೀನೇ?

ಹಳೆಯಮೇಷ್ಟ್ರು · 7:20
ಅಲ್ಲಮ್ಮ. ನಿಮ್ಮ ಬಾಟಲಿಯದು ಲೆಕ್ಟಿನ್, ಸಕ್ಕರೆ ಹಿಡಿಯುವಂಥದ್ದು. ಇವಳದು ಪ್ರತಿಬಂಧಕ, ಕಿಣ್ವ ಹಿಡಿಯುವಂಥದ್ದು. ಕಾಳು ಒಂದೇ, ಆಯುಧಗಳು ಬೇರೆ. ಬಾಟಲಿಯ ಮೇಲೆ ಡಾಲಿಕೋಸ್ ಬೈಫ್ಲೋರಸ್ ಎಂದಿರಬೇಕು. ಸಸ್ಯಶಾಸ್ತ್ರದವರು ಹುರುಳಿಗೆ ಈಗ ಮ್ಯಾಕ್ರೊಟೈಲೋಮಾ ಯೂನಿಫ್ಲೋರಮ್ ಎಂದು ಹೆಸರು ಬದಲಿಸಿದ್ದಾರೆ, ಬಾಟಲಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಗುಮ್ಮಟದ_ಕೆಳಗೆ · 7:44
ಹುರುಳಿ ಕಟ್ಟಿನ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಬೇಕೋ, ಹೆಚ್ಚಿ ಹಾಕಬೇಕೋ? ಬಲ್ಲವರು ಸೇರಿದ್ದೀರಿ ಎಂದು ಕೇಳಿದೆ.

ಅಡುಗೆಮನೆಯಿಂದ · 7:46
ಜಜ್ಜಿ. ಇದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲ.

ನಿರ್ವಾಹಕ · 8:10
ಸಾರಿನ ಚರ್ಚೆಗೆ ಬೇರೆ ಪುಟವಿದೆ. ಇಲ್ಲಿ ಪ್ರೋಟೀನ್ ಮಾತ್ರ. (ಜಜ್ಜಿಯೇ.)

ಕಾಳುಹನಿ · ಸಂಜೆ 6:30
ಉತ್ತರಗಳು. ಒಂದು: ಮೈಯೆಲ್ಲ ಕಡುನೀಲಿ, ಬಾಲದ ತುದಿ ಮಾತ್ರ ಕಿತ್ತಳೆ. ನೀಲಿಯೆಂದರೆ ಕಂಪ್ಯೂಟರ್‌ಗೆ ಭರವಸೆ ಇದೆ, ಕಿತ್ತಳೆಯೆಂದರೆ ಇಲ್ಲ ಎಂದು ಗೊತ್ತು.

ಎರಡು: ಒತ್ತಿ ನೋಡಿರಲಿಲ್ಲ. ಮನಸ್ಸು ಬಂದಿರಲಿಲ್ಲ. ಇವತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉಸಿರು ಬಿಗಿಹಿಡಿದು, ಸೂಜಿಯ ತುದಿ ತಾಗಿಸಿದೆ. ಮೊದಲು ಜಾರಿತು. ಇನ್ನಷ್ಟು ಒತ್ತಿದೆ. ಕಟಕ್ ಎಂದಿತು. ಕಿವಿಗೆ ಕೇಳಿಸಿತೋ ಬೆರಳಿಗೆ ಕೇಳಿಸಿತೋ ತಿಳಿಯದು. ಎರಡು ಹೋಳು, ಅಂಚು ಗಾಜಿನಂತೆ ಚೂಪು.

ಕ್ಷಕಿರಣ · 6:41
ಲವಣ.

ಕಾಳುಹನಿ · 6:42
ಹೌದು. ಪ್ರೋಟೀನ್ ಹರಳು ಬೆಣ್ಣೆಯಂತೆ ಕುಸಿಯಬೇಕಿತ್ತಂತೆ, ಸರ್ ಆಮೇಲೆ ಹೇಳಿದರು. ಪೇಡೆ ತಿನ್ನುವಾಗ ಹೇಳಲಿಲ್ಲ.

ಕ್ಷಕಿರಣ · 6:55
ನಗಬೇಡಿ, ಯಾರೂ ನಗಬೇಡಿ. ನಾನು ಉಪ್ಪಿನ ಹರಳನ್ನು ಇಂದೋರ್‌ನ ಇಂಡಸ್-2 ಎಂಬ ದೊಡ್ಡ ಕ್ಷ-ಕಿರಣ ಯಂತ್ರದ ತನಕ ಹೊತ್ತೊಯ್ದವನು. ಕ್ಷ-ಕಿರಣ ಬಿಟ್ಟರೆ ದೂರ ದೂರಕ್ಕೆ ನಾಲ್ಕು ದಪ್ಪ ಚುಕ್ಕಿ. ಪ್ರೋಟೀನ್ ಆಗಿದ್ದರೆ ರಂಗೋಲಿಯಂತೆ ನೂರಾರು ಒತ್ತೊತ್ತು ಚುಕ್ಕಿ ಬರಬೇಕಿತ್ತು. ನಿಮ್ಮದು ಫಾಸ್ಫೇಟ್ ದ್ರಾವಣ, ಗುಣಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಅಲ್ಲವೇ? ಎರಡೂ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳಾಗುತ್ತದೆ. ಮೊದಲ ವರ್ಷ ಎಲ್ಲರೂ ಮೋಸ ಹೋಗುತ್ತಾರೆ. ಫಾಸ್ಫೇಟ್ ಬಿಟ್ಟು ಟ್ರಿಸ್ ಎಂಬ ಬೇರೆ ದ್ರಾವಣ ಹಿಡಿಯಿರಿ. ಮುಂದಿನ ಸಲ ಸೂಜಿಗೆ ಮೊದಲು ಹನಿಗೆ ಚೂರು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ. ಪ್ರೋಟೀನ್ ಹರಳಿನೊಳಗೆ ನೀರಿನ ಓಣಿಗಳಿರುತ್ತವೆ, ಬಣ್ಣ ಅಲ್ಲಿಂದ ಒಳಗೆ ನುಗ್ಗುತ್ತದೆ. ಉಪ್ಪಿನ ಹರಳು ಬೆಳ್ಳಗೇ ಉಳಿಯುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಕಾಳುಹನಿ · 7:03
ಕಾಳು ಬಹಳ ಗಟ್ಟಿ, ರುಬ್ಬಲು ಕಷ್ಟವಾಗುತ್ತಿತ್ತು. ಶುಕ್ರವಾರ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಊರಿಗೆ ಹೋಗಿಬಿಡುತ್ತಿದ್ದೆ. ಸೋಮವಾರ ಬಂದು ರುಬ್ಬುತ್ತಿದ್ದೆ. ಸ್ವಲ್ಪ ಮೊಳಕೆ ಬಂದಿರುತ್ತಿತ್ತು. ಎಲ್ಲಕ್ಕೂ ಅಲ್ಲ, ಕೆಲವಕ್ಕೆ.

ಅಡುಗೆಮನೆಯಿಂದ · 7:05
ಮೊಳಕೆ ಬಂದದ್ದು, ಬಾರದ್ದು ಬೆರೆಸಿ ರುಬ್ಬಿದಿರಾ? ಎರಡರ ರುಚಿಯೇ ಬೇರೆ. ಮೊಳಕೆ ಹುರುಳಿ ಹೊಟ್ಟೆಗೆ ಹಗುರ, ನಾವು ಬಾಣಂತಿಗೂ ಮೊಳಕೆಯದನ್ನೇ ಕೊಡುತ್ತೇವೆ.

ಕ್ಷಕಿರಣ · 7:30
ಅಕ್ಕ ಹೇಳಿದಲ್ಲೇ ರೋಗ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಇಪ್ಪತ್ತು ವರ್ಷದ ಹಿಂದೆಯೇ ಇದನ್ನು ತೋರಿಸಿದ್ದಾರೆ. ಒಣಕಾಳಿನಲ್ಲಿ ಈ ಪ್ರತಿಬಂಧಕ ಒಂಟಿಯಾಗಿರುವುದಿಲ್ಲ, ಎರಡೆರಡು ಕೈಹಿಡಿದು ಜೋಡಿಯಾಗಿರುತ್ತವೆ. ಕೈಹಿಡಿಯುವುದಕ್ಕೆ ಬೇಕಾದದ್ದು ಬಾಲದ ತುದಿಯ ಹತ್ತಿರವಿರುವ ಒಂದು ಆಸ್ಪಾರ್ಟಿಕ್ ಆಮ್ಲ. ಕಾಳು ಮೊಳೆಯಲು ಶುರುವಾದಾಗ ಬಾಲ ಕತ್ತರಿಸಿಹೋಗುತ್ತದೆ, ಜೋಡಿ ಮುರಿದು ಒಂಟಿ ಉಳಿಯುತ್ತದೆ. ನಿಮ್ಮ ಹನಿಯಲ್ಲಿ ಬಾಲವಿದ್ದ ಜೋಡಿಗಳು, ಬಾಲ ಕಳೆದುಕೊಂಡ ಒಂಟಿಗಳು, ಅರ್ಧ ಕತ್ತರಿಸಿದವು ಎಲ್ಲ ಬೆರೆತಿವೆ. ಹರಳೆಂದರೆ ಒಂದೇ ಅಚ್ಚಿನ ಇಟ್ಟಿಗೆಯ ಗೋಡೆ. ಇಟ್ಟಿಗೆ, ಬೋಕಿ, ಗುಂಡುಕಲ್ಲು ಬೆರೆಸಿ ಗೋಡೆ ಏಳುತ್ತದೆಯೇ?

ಮಾದರಿಗಾರರೇ, ಈಗ ನೋಡಿ. ಕಂಪ್ಯೂಟರ್ "ನನಗೆ ಗೊತ್ತಿಲ್ಲ" ಎಂದು ಕಿತ್ತಳೆ ಬಣ್ಣ ಬಳಿದದ್ದು ಅದೇ ಬಾಲಕ್ಕೆ.

ಮಾದರಿಗಾರ · 7:48
ಒಪ್ಪುತ್ತೇನೆ, ಅರ್ಧ. ಒಂದೇ ಸರಪಳಿ ಕೊಟ್ಟರೆ ಬಾಲಕ್ಕೆ ಹಿಡಿಯಲು ಯಾರೂ ಇರುವುದಿಲ್ಲ, ಗಾಳಿಯಲ್ಲಿ ಬೀಸುತ್ತದೆ. ಎರಡು ಸರಪಳಿ ಒಟ್ಟಿಗೆ ಕೊಟ್ಟು ಲೆಕ್ಕ ಹಾಕಿಸಿ, ಅದಕ್ಕೂ ಸೌಲಭ್ಯವಿದೆ. ಜೋಡಿ ಹೇಗೆ ಕೂರುತ್ತದೆ ಎಂದು ಅದೂ ಹೇಳಬಹುದು.

ಕ್ಷಕಿರಣ · 7:55
ಹಾಕಿಸಲಿ, ಬೇಡವೆಂದವರಾರು? ಆ ಮಾದರಿಯೇ ನಾಳೆ ಹರಳು ಸಿಕ್ಕಾಗ ಕೆಲಸಕ್ಕೆ ಬರುತ್ತದೆ. ಕ್ಷ-ಕಿರಣದ ಚುಕ್ಕಿಗಳು ಅಲೆಯ ಬಲವನ್ನು ಹೇಳುತ್ತವೆ, ಅಲೆ ಎಲ್ಲಿ ಏರಿ ಎಲ್ಲಿ ಇಳಿಯಿತು ಎಂಬುದನ್ನು ಹೇಳುವುದಿಲ್ಲ. ಆ ಕಳೆದುಹೋದ ಅರ್ಧವನ್ನು ತುಂಬಲು ಹತ್ತಿರದ ಆಕೃತಿಯೊಂದನ್ನು ಎರವಲು ತರುತ್ತೇವೆ. ಈಗ ಎರವಲು ಕೊಡುವ ಸಾಹುಕಾರ ಆಲ್ಫಾಫೋಲ್ಡ್. ಅದೂ ಕೈಕೊಟ್ಟರೆ ಗಂಧಕವಿದೆ: 1981ರಲ್ಲಿ ಕ್ರ್ಯಾಂಬಿನ್ ಎಂಬ ಬೀಜದ ಪ್ರೋಟೀನ್‌ನ ರಚನೆಯನ್ನು ಅದರೊಳಗಿನ ಗಂಧಕವನ್ನೇ ದಾರಿದೀಪ ಮಾಡಿಕೊಂಡು ಬಿಡಿಸಿದ್ದರು. ಹುರುಳಿಯದರಲ್ಲಿ ಏಳು ಬಂಧಕ್ಕೆ ಹದಿನಾಲ್ಕು ಗಂಧಕ. ಶ್ರೀಮಂತ ಪ್ರೋಟೀನ್.

ನೇರಮಾತು · 8:20
ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ರಚನೆ ಸಿಕ್ಕಿತು ಎಂದುಕೊಳ್ಳಿ. ಹುಳು ಸಾಯುತ್ತದೆಯೇ?

ಹಳೆಯಮೇಷ್ಟ್ರು · 8:45
ಸಾಯುವುದಿಲ್ಲ. ನಿಮಗೆ ಸಂತೋಷವಾಗುವ ಮಾತನ್ನೇ ಹೇಳುತ್ತೇನೆ. 1972ರಲ್ಲಿ ಗ್ರೀನ್ ಮತ್ತು ರಯಾನ್ ಎಂಬ ವಿಜ್ಞಾನಿಗಳು ಒಂದು ಸಂಗತಿ ಕಂಡರು: ದುಂಬಿ ಎಲೆ ಕಚ್ಚಿದರೆ ಆಲೂಗಡ್ಡೆ, ಟೊಮ್ಯಾಟೊ ಗಿಡಗಳು ಕಚ್ಚಿಸಿಕೊಂಡ ಎಲೆಯಲ್ಲಿ ಮಾತ್ರವಲ್ಲ, ದೂರದ ಎಲೆಗಳಲ್ಲೂ ಪ್ರತಿಬಂಧಕವನ್ನು ತುಂಬಿಕೊಳ್ಳುತ್ತವೆ. ಎಲ್ಲರೂ ಕುಣಿದರು, ಹುಳುವಿನ ಕಥೆ ಮುಗಿಯಿತೆಂದು. ಕಾಯಿಕೊರಕ ಏನು ಮಾಡಿತು? ಒಂದು ಟ್ರಿಪ್ಸಿನ್‌ಗೆ ಕೀಲಿ ಸಿಕ್ಕಿಕೊಂಡರೆ, ಆ ಕೀಲಿ ಹೊಂದದ ಬೇರೆ ಟ್ರಿಪ್ಸಿನ್‌ಗಳನ್ನು ತಯಾರಿಸಿಕೊಂಡಿತು.

ನೇರಮಾತು · 8:47
ಅಂದರೆ ಹುಳುವೇ ಗೆದ್ದಿತು.

ತೊಗರಿಸಾಲು · 9:10
ಅದು ಬೀಗ ಬದಲಿಸಿದರೆ ನಾವು ಕೀಲಿ ಬದಲಿಸಬೇಕು. ಹೊಸ ಕೀಲಿ ಉಜ್ಜಬೇಕಾದರೆ ಹಳೆಯ ಕೀಲಿಯ ಹಲ್ಲು ಎಲ್ಲೆಲ್ಲಿವೆ ಎಂದು ಕಾಣಬೇಕಲ್ಲ? ನಮ್ಮೂರ ಕಮ್ಮಾರನೂ ಕೀಲಿ ನೋಡದೆ ಕಾನಸು ಎತ್ತುವುದಿಲ್ಲ. ನೇರಮಾತು ಅವರೇ, ಈ ವರ್ಷ ತಾಡಪಾಲು ಹಾಸುವಾಗ ಬನ್ನಿ, ಒಂದು ತುದಿ ನೀವು ಹಿಡಿಯಿರಿ.

ನೇರಮಾತು · 9:12
ಬರುತ್ತೇನೆ. ಊಟ ನಿಮ್ಮದು.

ಕಾಳುಹನಿ · ಐದು ವಾರಗಳ ನಂತರ, ಶನಿವಾರ
ಎಲ್ಲರಿಗೂ ನಮಸ್ಕಾರ. ಒಣಕಾಳನ್ನು ಹಾಗೆಯೇ ಹಿಟ್ಟು ಮಾಡಿಸಿ ಮೊದಲಿನಿಂದ ಶುರು ಮಾಡಿದೆ. ಗಿರಣಿಯವನು ಎರಡು ಸಲ ಗೊಣಗಿದ. ಫಾಸ್ಫೇಟ್ ಬಿಟ್ಟೆ. ನಡುವೆ ಎರಡು ದಿನ ಮಧ್ಯಾಹ್ನ ಕರೆಂಟ್ ಹೋಗಿ ತಟ್ಟೆಯ ಕೋಣೆ ಹಂಚಿನಂತೆ ಕಾದು ಒಂದು ತಟ್ಟೆ ಪೂರ್ತಿ ಹಾಳಾಯಿತು. ಉಳಿದವುಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದೆ.

ಮೊನ್ನೆ ಎರಡನೆಯ ಸಾಲಿನ ಐದನೆಯ ಗುಣಿಯಲ್ಲಿ ಮುಳ್ಳುಹಂದಿಯಂತೆ ಸೂಜಿಗಳ ಗುಚ್ಛ ಕಂಡಿತು. ಮೆಥಿಲೀನ್ ಬ್ಲೂ ಹಾಕಿದೆ. ಹತ್ತು ನಿಮಿಷ ಏನೂ ಇಲ್ಲ. ಮುಖ ತೊಳೆದುಕೊಂಡು ಬಂದು ನೋಡಿದರೆ ಸುತ್ತಲಿನ ಹನಿ ಪೇಲವವಾಗಿ, ಸೂಜಿಗಳು ಮಾತ್ರ ಶಾಯಿ ಕುಡಿದಂತೆ ನೀಲಿಯಾಗಿದ್ದವು. ಈ ಸಲ ಪೇಡೆ ಹಂಚಿಲ್ಲ.

ತೊಂದರೆಯೆಂದರೆ ಸೂಜಿಗಳು ಕೂದಲಿಗಿಂತ ಸಣ್ಣ. ಕ್ಷ-ಕಿರಣಕ್ಕೆ ಸಾಲುವುದಿಲ್ಲ ಎನ್ನುತ್ತಾರೆ.

ಕ್ಷಕಿರಣ · ಶನಿವಾರ ರಾತ್ರಿ
ಭಲೇ! ಕೂದಲೆಂದಿರಿ, ಮದ್ದೂ ಅದೇ. ಸೂಜಿಗಳನ್ನು ಒಂದು ಗಟ್ಟಿ ಕೂದಲಿನಿಂದ ಸವರಿ, ಅದೇ ಕೂದಲನ್ನು ಹೊಸ ಹನಿಯ ಮೇಲೆ ಗೆರೆ ಎಳೆದಂತೆ ಎಳೆಯಿರಿ. ಕಣ್ಣಿಗೆ ಕಾಣದ ಹರಳಿನ ಚೂರುಗಳು ಬೀಜದಂತೆ ಬಿದ್ದು, ಅಲ್ಲಿಂದ ದೊಡ್ಡವು ಬೆಳೆಯುತ್ತವೆ. ಮನುಷ್ಯರ ಕೂದಲು ಬಾಗುತ್ತದೆ. ಹೊರದೇಶಗಳಲ್ಲಿ ಬೆಕ್ಕಿನ ಮೀಸೆ ಬಳಸುತ್ತಾರೆ, ಕುದುರೆಯ ಬಾಲದ ಕೂದಲೂ ಒಳ್ಳೆಯದು. ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಗುಮ್ಮಟದ_ಕೆಳಗೆ · ಶನಿವಾರ ರಾತ್ರಿ
ಕೊನೆಗೂ ನನಗೆ ಗೊತ್ತಿರುವ ವಿಷಯ ಬಂತು. ಗೋಳಗುಮ್ಮಟದ ಮುಂದೆ ಟಾಂಗಾಗಳು ನಿಲ್ಲುತ್ತವೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಸವಾರಿ ಸಿಕ್ಕಿ ಹೊರಟುಬಿಡುತ್ತಾರೆ.

ಕಾಳುಹನಿ · ಭಾನುವಾರ ಬೆಳಿಗ್ಗೆ 8:50
ಹೋಗಿದ್ದೆ. ಬಾಲದ ಕೂದಲು ಬೇಕೆಂದಾಗ ಟಾಂಗಾದ ಅಜ್ಜ ಮಾಟ ಮಂತ್ರಕ್ಕೋ ಎಂದು ಹಿಂದೆ ಸರಿದರು. ಹುರುಳಿಯ ಮೇಲೆ ಪರೀಕ್ಷೆ ಮಾಡಲಿಕ್ಕೆ ಎಂದೆ. ಕುದುರೆಯ ಬಾಯಿಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ ತೋರಿಸಿದರು: ಬೇಯಿಸಿದ ಹುರುಳಿ, ಇನ್ನೂ ಹಬೆಯಾಡುತ್ತಿತ್ತು. "ಇದನ್ನು ತಿಂದೇ ಬೆಳೆದ ಬಾಲ, ತಗೋ ಮಗಳೇ" ಎಂದು ತಾವೇ ನಾಲ್ಕು ಎಳೆ ಕಿತ್ತುಕೊಟ್ಟರು. ಎರಡು ಕಪ್ಪು, ಎರಡು ಬಿಳಿ. ಯಾವುದು ಮೊದಲು?

ಕ್ಷಕಿರಣ · 8:58
ಬಿಳಿ. ಸೂಕ್ಷ್ಮದರ್ಶಕದ ಕೆಳಗೆ ಗೆರೆ ಕಾಣದಿದ್ದರೆ ಕಪ್ಪು.